ಚಳಿಗಾಲದ ಟೈರು: ಆಲ್ ವೀಲ್ ಡ್ರೈವ್ ಕಾರಿಗೂ ಬೇಕೇ?

ಅಕ್ಟೋಬರ್ ತಿಂಗಳು ಮುಗಿಯುತ್ತಾ ಬಂತೆಂದರೆ ಸಾಕು, ಶನಿವಾರದ ಕನ್ನಡ ತರಗತಿಯ ಹೊರಗೆ ಮಕ್ಕಳಿಗಾಗಿ ಕಾಯುತ್ತಾ ನಿಂತ ಪೋಷಕರ ನಡುವೆ ಒಂದು ಚರ್ಚೆ ತಪ್ಪದೆ ಶುರುವಾಗುತ್ತದೆ. "ಟೈರ್ ಬದಲಾಯಿಸಿದಿರಾ?" ಎಂದು ಒಬ್ಬರು ಕೇಳುತ್ತಾರೆ. "ನಮ್ಮದು ಆಲ್ ವೀಲ್ ಡ್ರೈವ್ ರೀ, ಅದೆಲ್ಲ ಬೇಕಾಗಿಲ್ಲ" ಎಂದು ಇನ್ನೊಬ್ಬರು ಹೇಳುತ್ತಾರೆ. ಒಟ್ಟಾವಾದಂಥ ಊರಿನಲ್ಲಿ ವರ್ಷಕ್ಕೆ ಐದು ತಿಂಗಳು ಹಿಮದ ಜೊತೆಗೇ ಬಾಳುವ ನಮಗೆ ಇದು ಬರೀ ಹರಟೆಯ ವಿಷಯವಲ್ಲ. ಹಿಂದಿನ ಸೀಟಿನಲ್ಲಿ ಕೂತಿರುವವರು ನಮ್ಮ ಮಕ್ಕಳೇ. ರಸ್ತೆ ದಾಟುತ್ತಿರುವವರು ಯಾರದೋ ಮಕ್ಕಳು.

ಭಾಷೆ ಕಲಿಸುವವಳಿಗೆ ಟೈರಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಆದರೆ ಈ ವಿಷಯದಲ್ಲಿ ನಡೆಯುವ ಗೊಂದಲದಲ್ಲಿ ಅರ್ಧ ಭಾಗ ಭಾಷೆಯದೇ. "ಆಲ್ ವೀಲ್ ಡ್ರೈವ್" ಎಂಬ ಹೆಸರಿನಲ್ಲಿ ಮೂರು ಪದಗಳಿವೆ. ಮೂರನೆಯ ಪದವನ್ನು ಗಮನವಿಟ್ಟು ಓದಿ. "ಡ್ರೈವ್" ಎಂದರೆ ಇಲ್ಲಿ ಎಂಜಿನ್ನಿನ ಬಲ ಚಕ್ರಕ್ಕೆ ತಲುಪುವುದು, ಅಷ್ಟೇ. ನಾಲ್ಕು ಚಕ್ರಕ್ಕೂ ಬಲ ಹೋಗುತ್ತದೆ ಎಂದು ಹೆಸರು ಹೇಳುತ್ತಿದೆ. ನಿಲ್ಲುವ ವಿಚಾರವನ್ನು ಅದು ಎತ್ತಿಯೇ ಇಲ್ಲ.

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲವೆಲ್ಲ ಎರಡು ಚಕ್ರಗಳಿಗೆ ಹೋಗುತ್ತದೆ. ಹಿಮದ ಮೇಲೆ ಆ ಎರಡು ಚಕ್ರಗಳ ಹಿಡಿತ ಸಾಲದಿದ್ದರೆ ಅವು ಸುಮ್ಮನೆ ತಿರುಗುತ್ತವೆ, ಕಾರು ನಿಂತಲ್ಲೇ ನಿಲ್ಲುತ್ತದೆ. ಆಲ್ ವೀಲ್ ಡ್ರೈವ್ ಕಾರಿನಲ್ಲಿ ಅದೇ ಬಲ ನಾಲ್ಕು ಕಡೆ ಹಂಚಿಹೋಗುವುದರಿಂದ ಒಂದೊಂದು ಚಕ್ರದ ಪಾಲಿಗೆ ಬರುವ ಕೆಲಸ ಕಡಿಮೆ. ಭಾರದ ಚೀಲವನ್ನು ಇಬ್ಬರು ಎತ್ತುವ ಬದಲು ನಾಲ್ವರು ಎತ್ತಿದ ಹಾಗೆ. ಅದಕ್ಕೇ ಕಾರು ಹಿಮದಿಂದ ಸಲೀಸಾಗಿ ಎದ್ದು ಹೊರಡುತ್ತದೆ, ಏರು ಹತ್ತುತ್ತದೆ. ಇದು ನಿಜವಾದ ಉಪಯೋಗ, ಅಲ್ಲಗಳೆಯುವ ಹಾಗಿಲ್ಲ.

ಆದರೆ ಬ್ರೇಕ್? ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಪಕ್ಕದ ಮನೆಯವರ ಹಳೆಯ ಪುಟ್ಟ ಕಾರಿಗೂ ನಾಲ್ಕು, ನಿಮ್ಮ ಸ್ಪೋರ್ಟ್ಸ್ ಸೆಡಾನಿಗೂ ನಾಲ್ಕು. ಆದ್ದರಿಂದ ನಿಲ್ಲಿಸುವಾಗ ಆಲ್ ವೀಲ್ ಡ್ರೈವ್ ಕಾರಿಗೆ ಒಂದು ಕಾಸಿನಷ್ಟೂ ಹೆಚ್ಚುಗಾರಿಕೆ ಇಲ್ಲ. ತಿರುವಿನಲ್ಲೂ ಹಾಗೆಯೇ. ಕಾರನ್ನು ರಸ್ತೆಯ ಮೇಲೆ ಹಿಡಿದಿಡುವುದು ಟೈರು ಮತ್ತು ನೆಲದ ನಡುವಿನ ಘರ್ಷಣೆ. ನಾಲ್ಕು ಅಂಗೈಯಗಲದ ರಬ್ಬರು ಮಾಡಬೇಕಾದ ಕೆಲಸ ಅದು.

ಇನ್ನೊಂದು ಸೂಕ್ಷ್ಮವಿದೆ, ಅದೇ ನನಗೆ ಹೆಚ್ಚು ಅಪಾಯಕಾರಿ ಎನಿಸುವುದು. ಎರಡು ಚಕ್ರದ ಕಾರು ಸ್ಟಾಪ್ ಸೈನ್ ಬಳಿ ಹೊರಡುವಾಗಲೇ ಜಾರಿ, "ಇವತ್ತು ರಸ್ತೆ ಸರಿಯಿಲ್ಲ, ಹುಷಾರು" ಎಂದು ಚಾಲಕನಿಗೆ ತಿಳಿಸುತ್ತದೆ. ಆಲ್ ವೀಲ್ ಡ್ರೈವ್ ಕಾರು ಆ ಎಚ್ಚರಿಕೆಯನ್ನು ಕೊಡುವುದೇ ಇಲ್ಲ. ಒಳ್ಳೆಯ ರಸ್ತೆಯಲ್ಲಿ ಹೋದಂತೆ ಹೊರಟು ಬಿಡುತ್ತದೆ. ರಸ್ತೆ ಎಷ್ಟು ಜಾರುತ್ತಿದೆ ಎಂದು ಗೊತ್ತಾಗುವುದು ಮುಂದಿನ ದೀಪ ಕೆಂಪಾದಾಗ.

ಮಕ್ಕಳೇ, ಈಗ ಒಂದು ಲೆಕ್ಕ ಮಾಡೋಣ. ಒಂಬತ್ತು, ಹತ್ತನೆಯ ತರಗತಿಯವರಿಗೆ ಇದು ಸುಲಭ. ಬ್ರೇಕ್ ಒತ್ತಿದ ಮೇಲೆ ಕಾರು ಸಾಗುವ ದೂರವನ್ನು ಕಂಡುಹಿಡಿಯಲು ವೇಗದ ವರ್ಗವನ್ನು, ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷದ ಗುಣಲಬ್ಧದ ಎರಡರಷ್ಟರಿಂದ ಭಾಗಿಸಬೇಕು. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಒಣ ಡಾಂಬರಿನ ಮೇಲೆ ಘರ್ಷಣಾಂಕ 0.8 ಎಂದು ಇಟ್ಟುಕೊಂಡರೆ ಉತ್ತರ ಸುಮಾರು 12 ಮೀಟರ್. ಒತ್ತಿ ಗಟ್ಟಿಯಾದ ಹಿಮದ ಮೇಲೆ ಒಳ್ಳೆಯ ಚಳಿಗಾಲದ ಟೈರಿಗೆ 0.3 ಎಂದು ಇಟ್ಟುಕೊಳ್ಳಿ, 33 ಮೀಟರ್ ಆಗುತ್ತದೆ. ಅದೇ ಹಿಮದ ಮೇಲೆ ಚಳಿಗೆ ಗಟ್ಟಿಯಾದ ಬೇಸಿಗೆ ಟೈರಿಗೆ ಅದರ ಅರ್ಧ, 0.15 ಎಂದು ಇಟ್ಟುಕೊಳ್ಳಿ. 66 ಮೀಟರ್! ಈ ಅಂಕಿಗಳು ಲೆಕ್ಕಕ್ಕಾಗಿ ಆರಿಸಿಕೊಂಡವು, ದಿನದಿನಕ್ಕೂ ರಸ್ತೆರಸ್ತೆಗೂ ಬದಲಾಗುತ್ತವೆ. ಆದರೆ ಹಿಡಿತ ಅರ್ಧವಾದರೆ ದೂರ ಎರಡರಷ್ಟಾಗುತ್ತದೆ ಎಂಬ ಸಂಬಂಧ ಬದಲಾಗುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಮೊದಲನೆಯ ಕಾರು 33 ಮೀಟರಿನಲ್ಲಿ ಪೂರ್ತಿ ನಿಂತಿತು. ಎರಡನೆಯ ಕಾರು ಅದೇ ಜಾಗಕ್ಕೆ ಬಂದಾಗ ಅದರ ವೇಗ ಎಷ್ಟಿರುತ್ತದೆ? "ಅರ್ಧ, 25" ಎಂದು ಹೇಳಬೇಡಿ. 50ನ್ನು ಎರಡರ ವರ್ಗಮೂಲದಿಂದ ಭಾಗಿಸಬೇಕು, ಗಂಟೆಗೆ 35 ಕಿಲೋಮೀಟರ್ ಬರುತ್ತದೆ. ಒಂದು ಕಾರು ಸುಮ್ಮನೆ ನಿಂತಿರುವ ಜಾಗದಲ್ಲಿ ಇನ್ನೊಂದು 35ರ ವೇಗದಲ್ಲಿ ಹಾದುಹೋಗುತ್ತಿರುತ್ತದೆ. ಆ ಜಾಗದಲ್ಲಿ ಪಾದಚಾರಿಗಳು ದಾಟುವ ಪಟ್ಟಿ ಇದ್ದರೆ ಏನಾಗಬಹುದೆಂದು ನಾನು ಬರೆಯಬೇಕಾಗಿಲ್ಲ. ಈ ಲೆಕ್ಕದಲ್ಲಿ ಎಂಜಿನ್ನಿನ ಬಲ ಎಷ್ಟು, ಅದು ಎಷ್ಟು ಚಕ್ರಕ್ಕೆ ಹೋಗುತ್ತದೆ ಎಂಬುದು ಎಲ್ಲಿಯೂ ಬರಲಿಲ್ಲ, ಗಮನಿಸಿದಿರಾ?

ಇನ್ನು ರಬ್ಬರಿನ ವಿಷಯ. ಕೆನಡಾದ ಪ್ರತಿಯೊಂದು ಕನ್ನಡ ಮನೆಯ ಬಚ್ಚಲುಮನೆಯಲ್ಲೂ ಇದರ ಪ್ರಯೋಗ ನಡೆಯುತ್ತಲೇ ಇರುತ್ತದೆ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಇಳಿದರೆ ಬೆಣ್ಣೆಯಂತೆ ಗಟ್ಟಿಯಾಗುತ್ತದೆ, ಬಾಟಲಿಯನ್ನು ಬಿಸಿನೀರಿನಲ್ಲಿ ಇಡಬೇಕು. ಅದೇ ಕಪಾಟಿನಲ್ಲಿರುವ ಎಳ್ಳೆಣ್ಣೆ ನೀರಿನಂತೆ ಹರಿಯುತ್ತಿರುತ್ತದೆ. ಎರಡೂ ಎಣ್ಣೆಯೇ, ಆದರೆ ಗಟ್ಟಿಯಾಗುವ ಉಷ್ಣತೆ ಬೇರೆ. ಟೈರಿನ ರಬ್ಬರೂ ಹಾಗೆಯೇ. ಸುಳ್ಯ, ಬೆಳ್ತಂಗಡಿ ಕಡೆಯವರು ತೋಟದಲ್ಲಿ ರಬ್ಬರ್ ಹಾಲು ಹೆಪ್ಪುಗಟ್ಟಿಸಿ ಶೀಟ್ ಮಾಡುವುದನ್ನು ನೋಡಿರುತ್ತೀರಿ. ಟೈರಿಗೆ ಆ ನೈಸರ್ಗಿಕ ರಬ್ಬರಿನ ಜೊತೆ ಹಲವು ಬಗೆಯ ಕೃತಕ ರಬ್ಬರು, ಇಂಗಾಲದ ಮಸಿ, ಸಿಲಿಕಾ, ಎಣ್ಣೆ, ಗಂಧಕ ಎಲ್ಲವನ್ನೂ ಬೆರೆಸುತ್ತಾರೆ. ಆ ಮಿಶ್ರಣದ ಪ್ರಮಾಣವನ್ನು ಬದಲಾಯಿಸಿದರೆ ಯಾವ ಚಳಿಯವರೆಗೆ ಟೈರು ಮೆತ್ತಗಿರಬೇಕು ಎಂಬುದೂ ಬದಲಾಗುತ್ತದೆ.

ಸ್ಪೋರ್ಟ್ಸ್ ಸೆಡಾನುಗಳ ಜೊತೆ ಕಾರ್ಖಾನೆಯಿಂದ ಬರುವುದು ಬಹಳ ಸಲ ಬೇಸಿಗೆಯ ಟೈರು. ಬಿಸಿ ರಸ್ತೆಯಲ್ಲಿ, ಮಳೆಯಲ್ಲಿ ಅದರ ಹಿಡಿತ ಅದ್ಭುತ. ಸುಮಾರು 7 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತಾ ಹೋಗುತ್ತದೆ. ಕಡು ಚಳಿಯಲ್ಲಿ ಇಂಥ ಟೈರುಗಳನ್ನು ಓಡಿಸಿದರೆ ರಬ್ಬರು ಬಿರುಕು ಬಿಡಬಹುದೆಂದು ತಯಾರಕರೇ ಎಚ್ಚರಿಸುತ್ತಾರೆ. ಈ 7 ಡಿಗ್ರಿ ಎಂಬುದು ಲಕ್ಷ್ಮಣರೇಖೆಯೇನಲ್ಲ, 8 ಇದ್ದಾಗ ಒಳ್ಳೆಯದು 6 ಆದ ಕೂಡಲೇ ಕೆಟ್ಟದ್ದು ಎಂದು ಅರ್ಥವಲ್ಲ. ಆದರೆ ಹಿಮ ಬೀಳುವ ಮುಂಚೆಯೇ, ಒಣ ರಸ್ತೆಯಲ್ಲೇ ಟೈರಿನ ಹಿಡಿತ ಕುಸಿಯತೊಡಗುತ್ತದೆ ಎಂಬ ತಿಳುವಳಿಕೆಗೆ ಅದು ಒಳ್ಳೆಯ ಗುರುತು. "ಹಿಮ ಬಿದ್ದ ಮೇಲೆ ನೋಡೋಣ" ಎನ್ನುವವರು ಇದನ್ನು ಮರೆಯುತ್ತಾರೆ.

ರಬ್ಬರಿನ ಮೃದುತ್ವ ಒಂದಾದರೆ, ಮೇಲ್ಮೈಯ ಕೊರೆತ ಇನ್ನೊಂದು. ನೆಲಕ್ಕೆ ತಾಗುವ ಪದರಕ್ಕೆ ಟ್ರೆಡ್ ಎನ್ನುತ್ತಾರೆ. ಚಳಿಗಾಲದ ಟೈರಿನ ಟ್ರೆಡ್ಡನ್ನು ಹತ್ತಿರದಿಂದ ನೋಡಿ. ದೊಡ್ಡ ಕಾಲುವೆಗಳ ನಡುವಿನ ಪ್ರತಿ ತುಂಡಿನ ಮೇಲೂ ಚಾಕುವಿನಿಂದ ಗೀರಿದ ಹಾಗೆ ಸಣ್ಣ ಸಣ್ಣ ಸೀಳುಗಳಿರುತ್ತವೆ. ಅವಕ್ಕೆ ಸೈಪ್ ಎಂದು ಹೆಸರು. ಟೈರು ನೆಲಕ್ಕೆ ಒತ್ತಿದಾಗ ಈ ಸೀಳುಗಳು ಬಾಗಿ ತೆರೆದುಕೊಂಡು ಹತ್ತಾರು ಅಂಚುಗಳಾಗಿ ಹಿಮವನ್ನು ಕಚ್ಚುತ್ತವೆ. ದೊಡ್ಡ ಕಾಲುವೆಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ. ಅದು ಒಳ್ಳೆಯದೇ, ಏಕೆಂದರೆ ಹಿಮಕ್ಕೆ ಹಿಮ ಅಂಟಿಕೊಳ್ಳುವಷ್ಟು ಚೆನ್ನಾಗಿ ರಬ್ಬರು ಅಂಟುವುದಿಲ್ಲ. ಸ್ನೋಮ್ಯಾನ್ ಮಾಡುವ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮಂಜುಗಡ್ಡೆಯ ಕಥೆ ಬೇರೆ. ಮಂಜುಗಡ್ಡೆ ಅತಿ ಹೆಚ್ಚು ಜಾರುವುದು ಮೈನಸ್ 25ರಲ್ಲಿ ಅಲ್ಲ, ಸೊನ್ನೆಯ ಆಸುಪಾಸಿನಲ್ಲಿ. ಆಗ ಅದರ ಮೇಲೆ ನೀರಿನ ತೆಳು ಪೊರೆ ಇರುತ್ತದೆ, ಟೈರು ಅದರ ಮೇಲೆ ತೇಲುತ್ತದೆ. ಸೈಪುಗಳು ಆ ಪೊರೆಯನ್ನು ಒರೆಸಿ ಒಳಗೆಳೆದುಕೊಳ್ಳಲು ನೋಡುತ್ತವೆ. ಹಿಮದ ದಿನಕ್ಕಿಂತ, ಮಧ್ಯಾಹ್ನ ಕರಗಿ ಸಂಜೆ ಮತ್ತೆ ಹೆಪ್ಪುಗಟ್ಟುವ ಮಾರ್ಚ್ ತಿಂಗಳ ದಿನಗಳೇ ಮೋಸದವು.

ಈ ವಿದ್ಯೆ ಹೊಸದೇನಲ್ಲ. ಫಿನ್‌ಲ್ಯಾಂಡಿನಲ್ಲಿ, ಇಂದು ನೋಕಿಯನ್ ಟೈರ್ಸ್ ಎಂದು ಹೆಸರಾಗಿರುವ ಸಂಸ್ಥೆಯ ಹಿಂದಿನ ಕಾರ್ಖಾನೆ 1934ರಲ್ಲಿ ಲಾರಿಗಳಿಗೆಂದು ಚಳಿಗಾಲದ ಟೈರನ್ನು ತಯಾರಿಸಿತು. 1936ರಲ್ಲಿ ಕಾರುಗಳಿಗೆ ಹಕ್ಕಪೆಲಿಟ್ಟ ಎಂಬ ಹೆಸರಿನ ಟೈರು ಬಂತು. ಆ ಹೆಸರು ಇಂದಿಗೂ ಅಂಗಡಿಗಳಲ್ಲಿದೆ.

ಅಂಗಡಿಗೆ ಹೋದಾಗ ಮೊದಲು ನೋಡಬೇಕಾದದ್ದು ಟೈರಿನ ಪಕ್ಕೆಯ ಮೇಲಿನ ಗುರುತು. "ಎಂ ಪ್ಲಸ್ ಎಸ್" ಎಂದಿದ್ದರೆ ಕೆಸರು ಮತ್ತು ಹಿಮ ಎಂದು ಅರ್ಥ. ಅದು ಕಾಲುವೆಗಳ ವಿನ್ಯಾಸವನ್ನು ನೋಡಿ ಹಾಕುವ ಗುರುತೇ ಹೊರತು ಹಿಮದಲ್ಲಿ ಪರೀಕ್ಷೆ ಮಾಡಿ ಕೊಟ್ಟದ್ದಲ್ಲ. ಹೆಚ್ಚಿನ ಆಲ್ ಸೀಸನ್ ಟೈರುಗಳ ಮೇಲೂ ಅದು ಇರುತ್ತದೆ. ನಿಮಗೆ ಬೇಕಾದದ್ದು ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ. 1999ರಲ್ಲಿ ಬಂದ ಈ ಗುರುತಿಗೆ ಹಿಮದ ಮೇಲೆ ಪರೀಕ್ಷೆಯಾಗಿರಬೇಕು. ಆದರೂ ಒಂದು ಮಾತು. ಉತ್ತರ ಅಮೆರಿಕದಲ್ಲಿ ಆ ಪರೀಕ್ಷೆ ಅಳೆಯುವುದು ಒತ್ತಿದ ಹಿಮದ ಮೇಲೆ ಮುಂದಕ್ಕೆ ಎಳೆಯುವ ಶಕ್ತಿಯನ್ನು. ಮಂಜುಗಡ್ಡೆಯ ಮೇಲೆ ಬ್ರೇಕ್ ಹಾಕಿ ನೋಡುವುದಿಲ್ಲ. ಆದ್ದರಿಂದ ಆ ಗುರುತಿರುವ ಎರಡು ಟೈರುಗಳು ಸಮಾನವೆಂದು ತಿಳಿಯಬಾರದು. ಆಲ್ ವೆದರ್ ಎಂದು ಮಾರುವ, ವರ್ಷವಿಡೀ ಓಡಿಸಬಹುದಾದ ಟೈರುಗಳಿಗೂ ಈ ಗುರುತಿರುತ್ತದೆ. ಕಾರನ್ನು ಕಡಿಮೆ ಓಡಿಸುವವರಿಗೆ, ಟೈರು ಇಡಲು ಜಾಗವಿಲ್ಲದ ಅಪಾರ್ಟ್‌ಮೆಂಟಿನವರಿಗೆ ಅದು ಮಧ್ಯಮ ಮಾರ್ಗ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ನದಿಯಾಚೆ ಕ್ವಿಬೆಕ್‌ನಲ್ಲಿ ನೋಂದಾಯಿಸಿದ ಕಾರುಗಳಿಗೆ ಚಳಿಗಾಲದ ಟೈರು 2008ರಿಂದ ಕಡ್ಡಾಯ. 2019ರಿಂದ ಅದರ ಅವಧಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ, ತಪ್ಪಿದರೆ 200ರಿಂದ 300 ಡಾಲರ್ ದಂಡ. ಗ್ಯಾಟಿನೋದಲ್ಲಿ ಮನೆ ಮಾಡಿರುವವರಿಗೆ ಇದು ಗೊತ್ತೇ ಇದೆ. ಒಂಟಾರಿಯೋದಲ್ಲಿ ಕಡ್ಡಾಯವಿಲ್ಲ. ಆದರೆ 2016ರ ಜನವರಿಯಿಂದ ಚಳಿಗಾಲದ ಟೈರು ಹಾಕಿದವರಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕು. ಕೇಳದಿದ್ದರೆ ತಾವಾಗಿ ಕೊಡುತ್ತಾರೆಂದು ಕಾಯಬೇಡಿ, ಫೋನ್ ಮಾಡಿ ಕೇಳಿ.

ಈಗ ಆಯ್ಕೆ. ಸ್ಪೋರ್ಟ್ಸ್ ಸೆಡಾನಿಗೆ ಹೊಂದುವ ಚಳಿಗಾಲದ ಟೈರುಗಳಲ್ಲಿ ಎರಡು ಬಳಗಗಳಿವೆ. ಒಂದು ಬಳಗಕ್ಕೆ ಮಂಜುಗಡ್ಡೆ ಮತ್ತು ಹಿಮವೇ ಮುಖ್ಯ. ಮಿಶಲಿನ್ ಎಕ್ಸ್ ಐಸ್, ಬ್ರಿಜ್‌ಸ್ಟೋನ್ ಬ್ಲಿಝಾಕ್‌ನ ಡಬ್ಲ್ಯು ಎಸ್ ಸಾಲು, ನೋಕಿಯನ್ ಹಕ್ಕಪೆಲಿಟ್ಟದ ಆರ್ ಸಾಲು ಇವೆಲ್ಲ ಈ ಬಳಗದವು. ರಬ್ಬರು ಬಹಳ ಮೆತ್ತಗೆ, ಸೈಪುಗಳು ಹೇರಳ. ಒಣ ರಸ್ತೆಯಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಸ್ವಲ್ಪ ನಿಧಾನವಾಗಿ, ಮೆತ್ತೆಯ ಮೇಲೆ ನಡೆದ ಹಾಗೆ ಅನಿಸುತ್ತದೆ. ಇನ್ನೊಂದು ಬಳಗ ವೇಗದ ಕಾರುಗಳಿಗೆಂದೇ ಮಾಡಿದ್ದು. ಮಿಶಲಿನ್ ಪೈಲಟ್ ಆಲ್ಪಿನ್ ಇದಕ್ಕೆ ಉದಾಹರಣೆ. ಜರ್ಮನಿಯ ಆಟೋಬಾನಿನಂಥ, ತಣ್ಣಗಿದ್ದರೂ ಹಿಮ ತೆಗೆದ ರಸ್ತೆಗಳಿಗೆ ಇದು ಹೇಳಿಮಾಡಿಸಿದ್ದು. ಸ್ಟೀರಿಂಗಿಗೆ ಚುರುಕು, ಮಂಜುಗಡ್ಡೆಯ ಮೇಲೆ ಸ್ವಲ್ಪ ಹಿಂದೆ.

ಎರಡನ್ನೂ ಬೇರ್ಪಡಿಸುವ ಒಂದು ಸುಳಿವು ಟೈರಿನ ಮೇಲಿನ ವೇಗದ ಅಕ್ಷರ. ಟಿ ಎಂದರೆ ಗಂಟೆಗೆ 190 ಕಿಲೋಮೀಟರ್, ಎಚ್ ಎಂದರೆ 210, ವಿ ಎಂದರೆ 240. ಮೊದಲ ಬಳಗದಲ್ಲಿ ಟಿ ಮತ್ತು ಎಚ್ ಹೆಚ್ಚು, ಎರಡನೆಯದರಲ್ಲಿ ವಿ ಹೆಚ್ಚು. ಸ್ಪೋರ್ಟ್ಸ್ ಕಾರು ಕೊಂಡವರ ಮನಸ್ಸು ಸಹಜವಾಗಿ ವಿ ಕಡೆಗೆ ಎಳೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಟೊರಾಂಟೋದಲ್ಲಿದ್ದು ದಿನವೂ ಉಪ್ಪು ಹಾಕಿದ 401 ಹೆದ್ದಾರಿಯಲ್ಲೇ ಓಡಾಡುವವರು ಎರಡನೆಯ ಬಳಗದ ಬಗ್ಗೆ ಯೋಚಿಸಬಹುದು. ಒಟ್ಟಾವಾ, ಮಾಂಟ್ರಿಯಲ್ ಕಡೆಯವರು, ಬೆಳಿಗ್ಗೆ ಏಳಕ್ಕೆ ಹಿಮ ತೆಗೆಯದ ಬೀದಿಗಳಲ್ಲಿ ಮಕ್ಕಳನ್ನು ಬಿಡಲು ಹೋಗುವವರು, ಸುಮ್ಮನೆ ಮೊದಲ ಬಳಗಕ್ಕೇ ಹೋಗಿ. ಜನವರಿಯಲ್ಲಿ ಯಾರಿಗೂ 240ರ ವೇಗ ಬೇಕಿಲ್ಲ.

ಮೊಳೆ ಹೊಡೆದ ಟೈರುಗಳೂ ಉಂಟು. ಒಂಟಾರಿಯೋದಲ್ಲಿ ಅದಕ್ಕೆ ಉತ್ತರ ಭಾಗದ ನಿವಾಸಿಗಳಿಗೆ ಮಾತ್ರ ಅನುಮತಿ. ನಗರದವರು ಆ ಯೋಚನೆ ಬಿಡಬಹುದು.

ಅಳತೆಯ ವಿಷಯಕ್ಕೆ ಒಂದು ನಿಜವಾದ ಕಾರನ್ನೇ ಇಟ್ಟುಕೊಳ್ಳೋಣ. ಸುಬಾರು ಡಬ್ಲ್ಯು ಆರ್ ಎಕ್ಸ್ ನಮ್ಮ ಕಡೆ ಬಹಳ ಕಾಣುವ ಆಲ್ ವೀಲ್ ಡ್ರೈವ್ ಸ್ಪೋರ್ಟ್ಸ್ ಸೆಡಾನ್. ಇತ್ತೀಚಿನ ಮಾದರಿಗಳಲ್ಲಿ ಕೆಲವಕ್ಕೆ 17 ಅಂಗುಲದ ರಿಮ್ ಮೇಲೆ 235/45 ಟೈರು, ಕೆಲವಕ್ಕೆ 18 ಅಂಗುಲದ ಮೇಲೆ 245/40 ಟೈರು. ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಟೈರಿನ ಅಗಲ. ಎರಡನೆಯದು ಪಕ್ಕೆಯ ಎತ್ತರ, ಆದರೆ ಅಗಲದ ಶೇಕಡಾ ಲೆಕ್ಕದಲ್ಲಿ. ಕೊನೆಯದು ರಿಮ್ಮಿನ ವ್ಯಾಸ ಅಂಗುಲದಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಅಂಗುಲ ಮೂರನ್ನೂ ಬೆರೆಸಿದ ಪುಣ್ಯಾತ್ಮ ಯಾರೋ!

18 ಅಂಗುಲದ ಟೈರಿಗೆ ಪಕ್ಕೆ 245ರ ಶೇಕಡಾ 40, ಅಂದರೆ 98 ಮಿಲಿಮೀಟರ್. ಮೇಲೆ ಕೆಳಗೆ ಎರಡು ಸೇರಿ 196. ರಿಮ್ 457. ಒಟ್ಟು ವ್ಯಾಸ 653 ಮಿಲಿಮೀಟರ್. 17 ಅಂಗುಲದ್ದಕ್ಕೆ ಪಕ್ಕೆ ಸುಮಾರು 106, ಎರಡು ಸೇರಿ 211.5, ರಿಮ್ 432, ಒಟ್ಟು 643. ವ್ಯತ್ಯಾಸ ಶೇಕಡಾ ಒಂದೂವರೆ ಅಷ್ಟೇ. 18 ಅಂಗುಲದ ಕಾರಿನವರು ಚಳಿಗಾಲಕ್ಕೆ 17ಕ್ಕೆ ಇಳಿದರೆ ಲಾಭವಿದೆ. ಟೈರು ಅಗ್ಗ. ಪಕ್ಕೆ ಎತ್ತರವಾಗುವುದರಿಂದ ಏಪ್ರಿಲ್ಲಿನ ಗುಂಡಿಗಳಲ್ಲಿ ರಿಮ್ ಬಾಗುವ ಭಯ ಕಡಿಮೆ. ಅಗಲ ಸ್ವಲ್ಪ ಕಡಿಮೆಯಾಗುವುದರಿಂದ ಆಳ ಹಿಮದ ಮೇಲೆ ತೇಲದೆ ಸೀಳಿಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಅಗಲದ ಟೈರು ಅಂದವಾಗಿ ಕಾಣುತ್ತದೆ, ಹಿಮದಲ್ಲಿ ಅದು ಹಲಗೆಯಂತೆ ಮೇಲೆ ಜಾರುತ್ತದೆ.

ಎಷ್ಟು ಕೆಳಗಿಳಿಯಬಹುದು? ಇದನ್ನು ನಿರ್ಧರಿಸುವುದು ಬ್ರೇಕು. ವೇಗದ ಕಾರಿಗೆ ದೊಡ್ಡ ಬ್ರೇಕ್, ಅದನ್ನು ಹಿಡಿಯುವ ಕ್ಯಾಲಿಪರ್ ಇನ್ನೂ ದೊಡ್ಡದು. ಚಿಕ್ಕ ರಿಮ್ ಅದಕ್ಕೆ ತಾಗುತ್ತದೆ. ಸಾಮಾನ್ಯ ಡಬ್ಲ್ಯು ಆರ್ ಎಕ್ಸ್‌ಗೆ 17 ಕೂರುತ್ತದೆ. ಅದರ ಅಣ್ಣ ಎಸ್ ಟಿ ಐ ಕಾರಿನ ದಪ್ಪ ಬ್ರೆಂಬೋ ಬ್ರೇಕಿಗೆ ಎಲ್ಲ 17 ಅಂಗುಲದ ರಿಮ್ಮುಗಳೂ ಕೂರುವುದಿಲ್ಲ. 2018ರ ನಂತರದ ಎಸ್ ಟಿ ಐಗೆ 18ಕ್ಕಿಂತ ಕೆಳಗೆ ಯೋಚಿಸಲೇಬಾರದು. ರಿಮ್ಮಿನ ಒಳವ್ಯಾಸ ಒಂದೇ ಇದ್ದರೂ ಕಡ್ಡಿಗಳ ಬಾಗು ಬೇರೆ ಬೇರೆ ಇರುವುದರಿಂದ, ಅಂಗಡಿಯವರು "ಕೂರುತ್ತೆ" ಎಂದರೆ ಸಾಲದು. ಟೈರು ಹಾಕುವ ಮುಂಚೆ ಬರಿ ರಿಮ್ಮನ್ನು ಮುಂದಿನ ಹಬ್ಬಿಗೆ ಕೂರಿಸಿ, ಕೈಯಿಂದ ತಿರುಗಿಸಿ ತೋರಿಸಲು ಹೇಳಿ. ಟೈರು ಹಾಕಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ರಿಮ್ಮಿನಲ್ಲಿ ಇನ್ನೂ ಮೂರು ಅಳತೆಗಳಿವೆ. ಮೊದಲನೆಯದು ಬೋಲ್ಟುಗಳ ವೃತ್ತ. ಹಳೆಯ ರಿಮ್ ಕೊಳ್ಳುವವರು ಇಲ್ಲೇ ಎಡವುವುದು. 2014ರವರೆಗಿನ ಡಬ್ಲ್ಯು ಆರ್ ಎಕ್ಸ್‌ನಲ್ಲಿ ಐದು ಬೋಲ್ಟುಗಳು 100 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿದ್ದವು. 2015ರಿಂದ ಅದು 114.3 ಆಯಿತು. ಎಸ್ ಟಿ ಐಯಲ್ಲಿ ಈ ಬದಲಾವಣೆ 2005ರಲ್ಲೇ ಆಗಿತ್ತು. ಹೆಸರು ಒಂದೇ, ಕಂಪನಿ ಒಂದೇ, ರಿಮ್ ಮಾತ್ರ ಕೂರುವುದಿಲ್ಲ. ಜಾಹೀರಾತಿನಲ್ಲಿ "ಸುಬಾರು ರಿಮ್, ನಾಲ್ಕು, ಅಗ್ಗ" ಎಂದು ಕಂಡ ಕೂಡಲೇ ಹೊರಡಬೇಡಿ, ವರ್ಷ ಕೇಳಿ. ಎರಡನೆಯದು ಆಫ್‌ಸೆಟ್, ಅಂದರೆ ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ತಾಗುವ ಜಾಗ ಎಷ್ಟು ಆಚೆ ಇದೆ ಎಂಬುದು. ಇದು ತಪ್ಪಿದರೆ ಟೈರು ಒಳಗೆ ಸಸ್ಪೆನ್ಷನ್ನಿಗೋ ಹೊರಗೆ ಮಡ್‌ಗಾರ್ಡಿಗೋ ಉಜ್ಜುತ್ತದೆ. ಮೂರನೆಯದು ನಡುವಿನ ರಂಧ್ರ. ಹೊರಗಿನ ಕಂಪನಿಯ ರಿಮ್ಮುಗಳಲ್ಲಿ ಅದು ಹಬ್ಬಿಗಿಂತ ದೊಡ್ಡದಿರುತ್ತದೆ, ನಡುವೆ ಒಂದು ಉಂಗುರ ಹಾಕಿ ಸರಿಪಡಿಸುತ್ತಾರೆ. ಉಂಗುರ ಮರೆತರೆ ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಗಬಹುದು.

ಆಡಿ ಕಾರಿನವರಿಗೆ ಒಂದು ಉಪಸೂಚನೆ. ಅಲ್ಲಿ ನಟ್ಟಿನ ಬದಲು ಬೋಲ್ಟು ಇರುತ್ತದೆ. ಕಂಪನಿಯ ರಿಮ್ಮಿಗೆ ತಲೆಯ ಕೆಳಭಾಗ ಗುಂಡಗಿರುವ ಬೋಲ್ಟು ಬೇಕು, ಹೊರಗಿನ ರಿಮ್ಮುಗಳಿಗೆ ಸಾಮಾನ್ಯವಾಗಿ ಶಂಕುವಿನಾಕಾರದ್ದು ಬೇಕು. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಬಿಗಿಯಾದಂತೆ ಕಂಡರೂ ಸರಿಯಾಗಿ ಕೂತಿರುವುದಿಲ್ಲ.

ಬೇರೆ ರಿಮ್ಮುಗಳೇ ಏಕೆ, ಇದ್ದ ರಿಮ್ಮಿಗೇ ಟೈರು ಬದಲಾಯಿಸಬಾರದೇ ಎಂದು ಕೇಳುವವರಿದ್ದಾರೆ. ಬದಲಾಯಿಸಬಹುದು. ಆದರೆ ವರ್ಷಕ್ಕೆ ಎರಡು ಸಲ ಟೈರನ್ನು ರಿಮ್ಮಿನಿಂದ ಬಿಡಿಸಿ ಏರಿಸಿ ಬ್ಯಾಲೆನ್ಸ್ ಮಾಡುವ ಕೂಲಿ ಪ್ರತಿ ಸಲವೂ ಇದೆ, ಟೈರಿನ ಅಂಚಿಗೂ ಪೆಟ್ಟು. ಬೇರೆ ರಿಮ್ ಇದ್ದರೆ ಮನೆಯ ಮುಂದೆಯೇ ಜ್ಯಾಕ್ ಹಾಕಿ ಬದಲಾಯಿಸಬಹುದು. ಜೊತೆಗೆ ಇಲ್ಲಿನ ರಸ್ತೆಯ ಉಪ್ಪು ಹೊಳೆಯುವ ಅಲಾಯ್ ರಿಮ್ಮಿನ ಬಣ್ಣವನ್ನು ತಿಂದುಹಾಕುತ್ತದೆ. ಚಳಿಗಾಲಕ್ಕೆ ಒರಟು ಕಪ್ಪು ರಿಮ್ಮೇ ಸಾಕು. ಕಬ್ಬಿಣದ್ದು ಅಗ್ಗ, ಆದರೆ ಸ್ಪೋರ್ಟ್ಸ್ ಕಾರಿನ ಅಳತೆಗೆ ಸುಲಭವಾಗಿ ಸಿಗುವುದಿಲ್ಲ. ಸರಳವಾದ ಅಲಾಯ್ ತೆಗೆದುಕೊಳ್ಳಿ.

ಇನ್ನು "ಎರಡು ಟೈರು ಹಾಕಿದರೆ ಸಾಲದೇ?" ಎಂಬ ಪ್ರಶ್ನೆ. ಯಾವ ಕಾರಿಗೂ ಸಾಲದು. ಮುಂದೆ ಮಾತ್ರ ಹಿಡಿತವಿದ್ದರೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ ಮುಂದೆ ಬರುತ್ತದೆ. ಆಲ್ ವೀಲ್ ಡ್ರೈವ್ ಕಾರಿಗೆ ಇನ್ನೊಂದು ಕಾರಣವೂ ಇದೆ. ಅಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಒಳಗಿನ ಯಂತ್ರಭಾಗದ ಮೂಲಕ ಜೋಡಿಯಾಗಿವೆ. ಟೈರುಗಳ ಪರಿಧಿ ಬೇರೆ ಬೇರೆ ಇದ್ದರೆ, ನೇರ ರಸ್ತೆಯಲ್ಲೂ ಅವು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ, ಆ ಭಾಗ ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತದೆ. ನಾಲ್ಕು ಟೈರುಗಳ ಪರಿಧಿಯ ನಡುವಿನ ವ್ಯತ್ಯಾಸ ಕಾಲು ಅಂಗುಲ, ಅಂದರೆ ಸುಮಾರು 6 ಮಿಲಿಮೀಟರ್ ಮೀರಬಾರದೆಂದು ಸುಬಾರು ಹೇಳುತ್ತದೆ. ಇದು ಎಷ್ಟು ಕಡಿಮೆ ಗೊತ್ತೇ? ಟ್ರೆಡ್ ಒಂದು ಮಿಲಿಮೀಟರ್ ಸವೆದರೆ ತ್ರಿಜ್ಯ ಒಂದು ಮಿಲಿಮೀಟರ್ ಕಡಿಮೆಯಾಯಿತು, ಪರಿಧಿ ಎರಡು ಪೈಯಷ್ಟು, ಅಂದರೆ 6.28 ಮಿಲಿಮೀಟರ್ ಕಡಿಮೆಯಾಯಿತು. ಮೂರು ಮಿಲಿಮೀಟರ್ ಸವೆದ ಟೈರಿನ ಪಕ್ಕದಲ್ಲಿ ಹೊಸದೊಂದನ್ನು ಹಾಕಿದರೆ ವ್ಯತ್ಯಾಸ 19 ಮಿಲಿಮೀಟರ್. ಆದ್ದರಿಂದ ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ಸವೆತ ಇರಬೇಕು. ಟೈರಿನಲ್ಲಿ ಉಳಿಸಿದ ಹಣ ಗೇರ್‌ಬಾಕ್ಸಿನಲ್ಲಿ ಹೋಗುತ್ತದೆ.

ಹಳೆಯ ಟೈರು ಕೊಳ್ಳುವವರು ಎರಡು ವಿಷಯ ನೋಡಿ. ಟ್ರೆಡ್ಡಿನ ಆಳ 4 ಮಿಲಿಮೀಟರಿನ ಹತ್ತಿರ ಬಂದಿದ್ದರೆ ಹಿಮದ ರಸ್ತೆಗೆ ಆ ಟೈರು ಬೇಡವೆಂದು ಕೆನಡಾ ಸರ್ಕಾರದ ಸಾರಿಗೆ ಇಲಾಖೆಯೇ ಹೇಳುತ್ತದೆ. ಪಕ್ಕೆಯ ಮೇಲೆ ನಾಲ್ಕಂಕಿಯ ತಾರೀಖಿರುತ್ತದೆ. 3524 ಎಂದಿದ್ದರೆ 2024ರ 35ನೆಯ ವಾರದಲ್ಲಿ ತಯಾರಾದದ್ದು. ಟ್ರೆಡ್ ಎಷ್ಟಿದ್ದರೂ ವಯಸ್ಸಾದ ರಬ್ಬರು ಗಟ್ಟಿಯಾಗುತ್ತದೆ, ಮೆತ್ತಗಿರಲೆಂದೇ ಕೊಳ್ಳುವ ವಸ್ತುವಿನಲ್ಲಿ ಅದೇ ದೊಡ್ಡ ದೋಷ.

ಹಾಕಿದ ಮೇಲೂ ಸ್ವಲ್ಪ ಕೆಲಸವಿದೆ. ಚಳಿಗೆ ಗಾಳಿ ಕುಗ್ಗುತ್ತದೆ. 20 ಡಿಗ್ರಿ ಬಿಸಿಯಿರುವ ಗ್ಯಾರೇಜಿನಲ್ಲಿ 33 ಪೌಂಡ್ ಒತ್ತಡ ತುಂಬಿಸಿದ ಟೈರು ಮೈನಸ್ 10ರಲ್ಲಿ 28ಕ್ಕೆ ಇಳಿದಿರುತ್ತದೆ. ಚಾಲಕನ ಬಾಗಿಲ ಚೌಕಟ್ಟಿನ ಮೇಲಿನ ಚೀಟಿಯಲ್ಲಿ ಬರೆದಿರುವ ಒತ್ತಡ ತಣ್ಣನೆಯ ಟೈರಿನದು, ಆದ್ದರಿಂದ ತಿಂಗಳಿಗೊಮ್ಮೆ ಬೆಳಿಗ್ಗೆ, ಕಾರು ಓಡಿಸುವ ಮುಂಚೆ ನೋಡಿ. ಟೈರು ಹೊರಬೇಕಾದ ಭಾರದ ಅಂಕಿಯನ್ನೂ ಕಾರಿನ ಕೈಪಿಡಿಯೊಡನೆ ತಾಳೆ ನೋಡಿ. 94 ಎಂದರೆ ಒಂದು ಟೈರಿಗೆ 670 ಕಿಲೋ. ಕೈಪಿಡಿ ಹೇಳಿದ್ದಕ್ಕಿಂತ ಕಡಿಮೆಯದನ್ನು ಹಾಕಬಾರದು. ಚಕ್ರ ಬದಲಾಯಿಸಿ ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿಸಿ. ಹೊಸ ರಿಮ್ಮಿನಲ್ಲಿ ಒತ್ತಡ ತಿಳಿಸುವ ಸಂವೇದಕ ಇಲ್ಲದಿದ್ದರೆ ಚಳಿಗಾಲವಿಡೀ ಮುಂದೆ ಹಳದಿ ದೀಪ ಉರಿಯುತ್ತಿರುತ್ತದೆ. ದೀಪ ಅಭ್ಯಾಸವಾಗಿಬಿಟ್ಟರೆ ನಿಜವಾದ ಪಂಕ್ಚರ್ ಗೊತ್ತಾಗುವುದಿಲ್ಲ. ನಾಲ್ಕು ಸಂವೇದಕಗಳ ಬೆಲೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಖರ್ಚು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಚಳಿಗಾಲದ ನಾಲ್ಕು ಓಡುತ್ತಿರುವಾಗ ಬೇಸಿಗೆಯ ನಾಲ್ಕು ಸವೆಯದೆ ಮೂಲೆಯಲ್ಲಿರುತ್ತವೆ. ಟೈರಿನ ಹಣ ಪೂರ್ತಿ ಹೊಸ ಖರ್ಚಲ್ಲ, ಹೆಚ್ಚಿನ ಪಾಲು ಮುಂಚಿತವಾಗಿ ಕೊಟ್ಟದ್ದು. ನಿಜವಾದ ಹೆಚ್ಚುವರಿ ಖರ್ಚು ರಿಮ್ಮುಗಳದು. ನವೆಂಬರ್ ಮೊದಲ ಹಿಮದ ದಿನ ಎಲ್ಲ ಗ್ಯಾರೇಜುಗಳ ಮುಂದೆಯೂ ಸಾಲು ನಿಲ್ಲುತ್ತದೆ. ದಸರೆ ಮುಗಿದ ಕೂಡಲೇ ಹೆಸರು ಬರೆಸಿ, ದೀಪಾವಳಿಯ ಹೊತ್ತಿಗೆ ಕೆಲಸ ಮುಗಿದಿರಲಿ. ತೆಗೆದ ಬೇಸಿಗೆ ಚಕ್ರಗಳನ್ನು ತೊಳೆದು ಒರೆಸಿ, ಬಿಸಿಲು ಬೀಳದ ಜಾಗದಲ್ಲಿಡಿ. ಯಾವುದು ಎಲ್ಲಿತ್ತು ಎಂದು ಅಂಟುಪಟ್ಟಿಯ ಮೇಲೆ ಬರೆದು ಅಂಟಿಸಬೇಕು, ಮುಂದಿನ ವರ್ಷ ಮುಂದಿನದನ್ನು ಹಿಂದೆ, ಹಿಂದಿನದನ್ನು ಮುಂದೆ ಹಾಕಿದರೆ ನಾಲ್ಕೂ ಸಮನಾಗಿ ಸವೆಯುತ್ತವೆ. ಈ ಕೆಲಸ ಮಕ್ಕಳಿಗೆ ಕೊಡಿ. "ಎಡ ಮುಂದೆ", "ಬಲ ಹಿಂದೆ" ಎಂದು ಕನ್ನಡದಲ್ಲೇ ಬರೆಯಲಿ, ಎರಡನೆಯ ತರಗತಿಯವರಿಗೂ ಅಷ್ಟು ಅಕ್ಷರ ಬರುತ್ತದೆ.